ಚಳಿಗೆ ಮುನ್ನ ಜೆರೇನಿಯಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೆಪ್ಟೆಂಬರ್ ಬಂತೆಂದರೆ ಈ ಅಂಕಣಕ್ಕೆ ಹೊರದೇಶಗಳಲ್ಲಿರುವ ಓದುಗರ ಪತ್ರಗಳು ಹೆಚ್ಚುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಜೆರೇನಿಯಂ ಗಿಡವನ್ನು ಕುರಿತೇ ಇರುತ್ತವೆ. ಬೇಸಿಗೆಯುದ್ದಕ್ಕೂ ಹೂಬಿಟ್ಟ ಗಿಡವನ್ನು ಮೊದಲ ಚಳಿಗೆ ಬಲಿಕೊಡಲು ಯಾರಿಗೂ ಮನಸ್ಸು ಬರುವುದಿಲ್ಲವಷ್ಟೆ. ಈ ಸಲದ ಪುಟವನ್ನು ಪೂರ್ತಿಯಾಗಿ ಆ ಒಂದು ಗಿಡಕ್ಕೇ ಮೀಸಲಿಟ್ಟು, ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಡೆಕ್ಕಿನ ಮೇಲೆ ಆರು ಕುಂಡಗಳಲ್ಲಿ ಕೆಂಪು ಜೆರೇನಿಯಂ ಇದೆ. ಕಳೆದ ವರ್ಷ ಅಕ್ಟೋಬರ್ ಕೊನೆಯಲ್ಲಿ ಗಿಡಗಳನ್ನು ಒಳಗೆ ತಂದು, ಬೆಚ್ಚಗಿರಲಿ ಎಂದು ಹೀಟರ್ ಪಕ್ಕದಲ್ಲಿಟ್ಟು ದಿನವೂ ನೀರು ಹಾಕಿದೆವು. ಡಿಸೆಂಬರ್ ಹೊತ್ತಿಗೆ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಈ ಸಲ ಹೇಗೆ ಕಾಪಾಡಬೇಕು?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಗಿಡಗಳು ಹಾಳಾದದ್ದು ಹೀಟರಿನ ಬಿಸಿಯಿಂದ ಮತ್ತು ಮಿತಿಮೀರಿದ ನೀರಿನಿಂದ, ಚಳಿಯ ಪಾಲು ಅದರಲ್ಲಿ ಏನೂ ಇದ್ದಂತೆ ಕಾಣುವುದಿಲ್ಲ. ಅಂಗಡಿಯಲ್ಲಿ ಜೆರೇನಿಯಂ ಎಂದು ಮಾರುವ ಗಿಡದ ಮೂಲ ದಕ್ಷಿಣ ಆಫ್ರಿಕ. ಅಲ್ಲಿನ ಒಣ ಇಳಿಜಾರುಗಳಲ್ಲಿ, ನೀರು ನಿಲ್ಲದ ಕಲ್ಲುನೆಲದಲ್ಲಿ ಬೆಳೆಯುತ್ತಿದ್ದ ಸಸ್ಯಗಳ ಸಂತತಿ ಇದಾದ್ದರಿಂದ, ದಪ್ಪನೆಯ ರಸಭರಿತ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಗುಣ ಇದಕ್ಕಿದೆ. ಒಂದೆರಡು ವಾರ ನೀರು ತಪ್ಪಿದರೂ ಅದು ಸಹಿಸುತ್ತದೆ. ಬೇರು ಸದಾ ಒದ್ದೆಯಾಗಿದ್ದರೆ ಮಾತ್ರ ಸಹಿಸುವುದಿಲ್ಲ. ಡಿಸೆಂಬರಿನಲ್ಲಿ ನಿಮ್ಮಲ್ಲಿ ಹಗಲು 9 ಗಂಟೆಗಿಂತ ಸ್ವಲ್ಪವೇ ಹೆಚ್ಚು, ಅದರಲ್ಲೂ ಮನೆಯೊಳಗೆ ಬರುವ ಬೆಳಕು ಹೊರಗಿನದಕ್ಕಿಂತ ಬಹಳ ಕಡಿಮೆ. ಬೆಳಕು ಇಷ್ಟು ಇಳಿದಾಗ ಗಿಡ ನೀರನ್ನು ಎಳೆದುಕೊಳ್ಳುವುದೂ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಿಸಿ ಕೊಟ್ಟು ಬೆಳೆಯಲು ಒತ್ತಾಯಿಸಿ, ಮೇಲೆ ದಿನವೂ ನೀರು ಸುರಿದರೆ, ಮೇಲುಗಡೆ ಬಿಳಿಚಿಕೊಂಡ ಉದ್ದುದ್ದ ಚಿಗುರು ಬರುತ್ತದೆ, ಕೆಳಗಡೆ ಬೇರು ಕೊಳೆಯುತ್ತದೆ.

ಈ ಸಲ ಕೆಲಸವನ್ನು ಒಂದು ತಿಂಗಳು ಮುಂಚೆಯೇ ಆರಂಭಿಸಿ. ಸೆಪ್ಟೆಂಬರ್ ಮಧ್ಯದಿಂದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ, ನೀರನ್ನು ಕ್ರಮೇಣ ಕಡಿಮೆ ಮಾಡಿ. ರಾತ್ರಿಯ ಉಷ್ಣತೆ 7ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ನಿಮ್ಮ ಲೆಕ್ಕದಲ್ಲಿ 45ರಿಂದ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯತೊಡಗಿದಾಗ ಒಳಗೆ ತರುವುದು ಸರಿಯಾದ ಕಾಲ. ಇಬ್ಬನಿ ಹೆಪ್ಪುಗಟ್ಟುವ ಫ್ರಾಸ್ಟ್ ಬೀಳುವವರೆಗೆ ಕಾಯಬಾರದು, ಏಕೆಂದರೆ ಒಂದೇ ರಾತ್ರಿಯ ಗಟ್ಟಿ ಫ್ರಾಸ್ಟ್ ಸಾಕು, ಬೆಳಗಾಗುವಷ್ಟರಲ್ಲಿ ಎಲೆ ಕಪ್ಪಾಗಿ ಕಾಂಡ ಮೆತ್ತಗಾಗಿರುತ್ತದೆ. ನ್ಯೂಜೆರ್ಸಿಯಲ್ಲೇ ವಾಯವ್ಯದ ಗುಡ್ಡಗಾಡಿನಲ್ಲಿ ಈ ಚಳಿ ಬೇಗ ಬರುತ್ತದೆ, ಕಡಲ ತೀರದ ಕಡೆ ತಡವಾಗಿ ಬರುತ್ತದೆ; ಆದ್ದರಿಂದ ಕ್ಯಾಲೆಂಡರಿಗಿಂತ ರಾತ್ರಿಯ ಹವಾಮಾನ ವರದಿಯನ್ನು ನಂಬಿ.

ಒಳಗೆ ತರುವ ಮುನ್ನ ಪ್ರತಿಯೊಂದು ಎಲೆಯನ್ನೂ ಮಗುಚಿ ನೋಡಬೇಕು. ಎಲೆಯ ಬೆನ್ನಿನಲ್ಲಿ ಬಿಳಿನೊಣವಿದ್ದರೆ ಗಿಡವನ್ನು ಸ್ವಲ್ಪ ಅಲುಗಿಸಿದ ಕೂಡಲೇ ಹಿಟ್ಟು ಎರಚಿದಂತೆ ಮೇಲೇಳುತ್ತದೆ. ಮೊಗ್ಗಿನಲ್ಲಿ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ರಂಧ್ರ ಕಂಡರೆ ಒಳಗೆ ಮೊಗ್ಗುಕೊರಕ ಹುಳು ಇದೆಯೆಂದು ತಿಳಿಯಬೇಕು. ಅಮೆರಿಕದಲ್ಲಿ ಬೇಸಿಗೆಯ ಕೊನೆಯಲ್ಲಿ ಜೆರೇನಿಯಂ ಹೂಬಿಡುವುದನ್ನು ಒಮ್ಮೆಲೇ ನಿಲ್ಲಿಸಿತೆಂದರೆ ಬಹಳ ಸಲ ಕಾರಣ ಈ ಹುಳುವೇ. ಎಲ್ಲ ಹೂ, ಮೊಗ್ಗು, ಹಳದಿ ಎಲೆಗಳನ್ನು ಕಿತ್ತು, ಗಿಡದ ಎತ್ತರದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ, ಗೆಣ್ಣಿನ ತುಸು ಮೇಲಕ್ಕೆ ಸವರಿ, ಬೇವಿನ ಎಣ್ಣೆಯನ್ನೋ ಗಿಡಗಳಿಗೆಂದೇ ಮಾರುವ ಸೋಪು ದ್ರಾವಣವನ್ನೋ ಎಲೆಯ ಕೆಳಭಾಗಕ್ಕೆ ಸಿಂಪಡಿಸಿ ಒಣಗಿಸಿದ ಮೇಲೆ ಒಳಗೆ ತನ್ನಿ. ಹೂವಿರುವಾಗ ಸವರುವುದು ಸಂಕಟದ ಕೆಲಸ ನಿಜ. ಆದರೆ ಆ ಹೂವನ್ನು ಉಳಿಸಿಕೊಂಡು ಒಳಗೆ ತಂದರೆ, ಉದುರಿದ ಎಸಳುಗಳು ಎಲೆಯ ಮೇಲೆ ಅಂಟಿಕೊಂಡ ಜಾಗದಲ್ಲೇ ಬೂದುಬಣ್ಣದ ಬೂಷ್ಟು ಹುಟ್ಟಿ ಗಿಡವನ್ನೆಲ್ಲ ಆವರಿಸುತ್ತದೆ.

ಇಡುವ ಜಾಗ ದಕ್ಷಿಣದ ಕಿಟಕಿಯಾಗಿರಲಿ, ಹೀಟರಿನ ಬಿಸಿಗಾಳಿ ನೇರವಾಗಿ ತಗಲದಿರಲಿ. ಮನೆಯಲ್ಲಿ ಎಲ್ಲರೂ ಕೂರುವ ಕೋಣೆಗಿಂತ, ಬಳಕೆ ಕಡಿಮೆಯಿರುವ, 10ರಿಂದ 15 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರುವ ಕೋಣೆ ಇದಕ್ಕೆ ಹಿತ. ಬೆರಳನ್ನು ಮಣ್ಣಿನೊಳಗೆ ಒಂದು ಇಂಚು ಇಳಿಸಿ, ಅಲ್ಲಿ ಒಣಗಿದ್ದರೆ ಮಾತ್ರ ನೀರು ಕೊಡಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಕುಂಡವನ್ನು ಒಮ್ಮೆ ಎತ್ತಿ ನೋಡುವ ರೂಢಿ ಇನ್ನೂ ಒಳ್ಳೆಯದು, ಒಣಗಿದ ಕುಂಡದ ಹಗುರ ಕೈಗೆ ಬೇಗ ತಿಳಿಯುತ್ತದೆ. ಜಾಗ ಬದಲಾದಾಗ ಬುಡದ ಕೆಲವು ಎಲೆಗಳು ಹಳದಿಯಾಗುವುದು ಸಹಜ, ಅದನ್ನು ಕಂಡು ಗಾಬರಿಯಿಂದ ನೀರು ಹೆಚ್ಚಿಸಬೇಡಿ. ಮಾರ್ಚ್‌ನಲ್ಲಿ ಹಗಲು ದೊಡ್ಡದಾದ ಮೇಲೆ ಹೊಸ ಮಣ್ಣು ತುಂಬಿ ಗೊಬ್ಬರ ಕೊಡಲು ಆರಂಭಿಸಿ, ಮೇ ತಿಂಗಳಲ್ಲಿ ಒಂದು ವಾರ ಕಾಲ ಮೊದಲು ನೆರಳಿಗೆ, ಆಮೇಲೆ ಬಿಸಿಲಿಗೆ ಒಗ್ಗಿಸಿ ಹೊರಗಿಡಬಹುದು.

ಆರೂ ಕುಂಡಗಳನ್ನು ಉಳಿಸಲೇಬೇಕೆಂಬ ಹಟ ಬೇಡವೆಂದು ಮಾತ್ರ ಹೇಳಬಯಸುತ್ತೇವೆ. ಹಳೆಯ ಗಿಡದ ಬುಡ ಮರದಂತೆ ಗಟ್ಟಿಯಾಗಿ, ಹೂ ಕಡಿಮೆಯಾಗುತ್ತ ಹೋಗುತ್ತದೆ. ಚೆನ್ನಾಗಿರುವ ಎರಡನ್ನು ಇಟ್ಟುಕೊಂಡು, ಉಳಿದವುಗಳಿಂದ ತುಂಡುಗಳನ್ನು ತೆಗೆದು ಹೊಸ ಗಿಡ ಮಾಡಿಕೊಳ್ಳುವುದೇ ಜಾಣತನ. ಕಿಟಕಿಯಲ್ಲಿ ಜಾಗವೂ ಉಳಿಯುತ್ತದೆ. ಅದರ ವಿಧಾನ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಜೆರೇನಿಯಂ ಕಡ್ಡಿಗಳನ್ನು ನೆಟ್ಟು, ತೇವ ಆರದಿರಲೆಂದು ಪ್ಲಾಸ್ಟಿಕ್ ಚೀಲ ಮುಚ್ಚಿ ಇಡುತ್ತೇನೆ. ಊರಿನಲ್ಲಿ ದಾಸವಾಳಕ್ಕೆ ಹೀಗೆ ಮಾಡಿದಾಗ ಚೆನ್ನಾಗಿ ಬೇರು ಬರುತ್ತಿತ್ತು. ಇಲ್ಲಿ ಎರಡೇ ವಾರದಲ್ಲಿ ಬುಡ ಕಪ್ಪಾಗಿ ಕಡ್ಡಿಗಳು ಮಗುಚಿ ಬೀಳುತ್ತವೆ. ಎಲ್ಲಿ ತಪ್ಪುತ್ತಿದೆ?
– ಓದುಗರೊಬ್ಬರು, ಡಬ್ಲಿನ್

ಉತ್ತರ: ತಪ್ಪು ಆ ಚೀಲದಲ್ಲಿದೆ. ದಾಸವಾಳದ ಕಡ್ಡಿಗೆ ಹಿತವಾದ ತೇವದ ಗಾಳಿ ಜೆರೇನಿಯಂ ತುಂಡನ್ನು ಕೊಳೆಸುತ್ತದೆ. ಬುಡದಿಂದ ಮೇಲಕ್ಕೆ ಹೊಳಪಿನ ಕಪ್ಪು ಬಣ್ಣ ಹಬ್ಬುವ ಈ ರೋಗಕ್ಕೆ ಪಿಥಿಯಂ ಎಂಬ, ಒದ್ದೆ ಮಣ್ಣಿನಲ್ಲಿ ಹರಡುವ ಸೂಕ್ಷ್ಮಜೀವಿ ಕಾರಣ. ಒಮ್ಮೆ ತಗಲಿದ ತುಂಡು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಅದನ್ನು ಮಣ್ಣಿನ ಸಮೇತ ಎಸೆದು, ಕುಂಡವನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದೇ ಮತ್ತೆ ಬಳಸಬೇಕು.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ತುಂಡು ತೆಗೆಯಲು ಒಳ್ಳೆಯ ಕಾಲ, ಏಕೆಂದರೆ ಬೆಳಕು ಇನ್ನೂ ಇರುತ್ತದೆ, ಮನೆಯೊಳಗಿನ ಉಷ್ಣತೆ 18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೂಬಿಡದ, ತೀರ ಎಳೆಯದೂ ಅಲ್ಲದ, ಬಲಿತು ಕಂದಾಗಿಯೂ ಇರದ ಕವಲನ್ನು ಆರಿಸಿ, ತುದಿಯಿಂದ 8–10 ಸೆಂಟಿಮೀಟರ್ ಉದ್ದಕ್ಕೆ, ಒಂದು ಗೆಣ್ಣಿನ ಕೆಳಗೆ ತಾಗಿದಂತೆ, ಹರಿತವಾದ ಶುಭ್ರ ಚಾಕುವಿನಿಂದ ಕತ್ತರಿಸಿ. ಕತ್ತರಿಯಿಂದ ಒತ್ತಿ ಕತ್ತರಿಸಿದರೆ ಮೆತ್ತನೆಯ ಕಾಂಡ ನಜ್ಜಾಗುತ್ತದೆ, ನಜ್ಜಾದ ಜಾಗದಿಂದಲೇ ಕೊಳೆ ಆರಂಭವಾಗುತ್ತದೆ. ತುದಿಯಲ್ಲಿ ಎರಡು ಮೂರು ಎಲೆಗಳನ್ನು ಬಿಟ್ಟು ಉಳಿದವನ್ನು ತೆಗೆಯಿರಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಕಾಗದದಂತಹ ಸಣ್ಣ ಹೊರಪೊರೆಗಳು ಜೋಡಿಯಾಗಿ ಇರುತ್ತವೆ. ಹೆಚ್ಚಿನವರು ಗಮನಿಸದೆ ಬಿಡುವ ಈ ಪೊರೆಗಳು ಮಣ್ಣಿನೊಳಗೆ ಹೋದರೆ ಮೊದಲು ಕೊಳೆಯುವುದು ಅವೇ, ಆದ್ದರಿಂದ ಉಗುರಿನಿಂದ ಚಿವುಟಿ ತೆಗೆಯಬೇಕು.

ಇನ್ನು ಮುಖ್ಯವಾದ ಮಾತು. ಕತ್ತರಿಸಿದ ಕೂಡಲೇ ನೆಡಬೇಡಿ. ತುಂಡುಗಳನ್ನು ಒಂದು ಕಾಗದದ ಮೇಲೆ ನೆರಳಿನಲ್ಲಿ ಕೆಲವು ಗಂಟೆ, ಬೇಕಿದ್ದರೆ ಒಂದು ರಾತ್ರಿ, ಹಾಗೆಯೇ ಮಲಗಿಸಿಡಿ. ಎಲೆಗಳು ಸ್ವಲ್ಪ ಸೋತಂತೆ ಕಾಣುತ್ತವೆ, ಆದರೆ ಕತ್ತರಿಸಿದ ತುದಿಯಲ್ಲಿ ಜಿನುಗುತ್ತಿದ್ದ ಹಸಿ ಆರಿ, ಮೇಲೊಂದು ತೆಳುವಾದ ಒಣ ಪದರ ಕಟ್ಟಿರುತ್ತದೆ. ರೋಗಾಣುಗಳಿಗೆ ಬಾಗಿಲು ಮುಚ್ಚುವುದು ಆ ಪದರವೇ. ಆಮೇಲೆ ಅರ್ಧ ಕುಂಡದ ಮಣ್ಣು, ಅರ್ಧ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಅಥವಾ ತೊಳೆದ ಒರಟು ಮರಳು ಬೆರೆಸಿ, 10 ಸೆಂಟಿಮೀಟರ್ ಅಗಲದ ಕುಂಡದ ಅಂಚಿನುದ್ದಕ್ಕೆ ಮೂರು ನಾಲ್ಕು ತುಂಡುಗಳನ್ನು ನೆಟ್ಟು, ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದಲೇ ಒಮ್ಮೆ ನೀರು ಹೀರಿಕೊಳ್ಳಲು ಬಿಡಿ. ಮುಂದೆ ಮಣ್ಣು ಮೇಲುಗಡೆ ಒಣಗುವವರೆಗೆ ನೀರು ಬೇಡ, ಮುಚ್ಚಳವೂ ಬೇಡ. ಬೇರು ಬರಿಸುವ ಹಾರ್ಮೋನ್ ಪುಡಿ ಈ ಗಿಡಕ್ಕೆ ಅನಗತ್ಯ. ಅದಿಲ್ಲದೆಯೇ ಇದು ಸುಲಭವಾಗಿ ಬೇರು ಬಿಡುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ತುದಿಯಲ್ಲಿ ಹೊಸ ಎಲೆ ಬಿಚ್ಚಿಕೊಂಡು, ಮೆಲ್ಲಗೆ ಎಳೆದಾಗ ತುಂಡು ಬರದೆ ಗಟ್ಟಿಯಾಗಿ ನಿಂತರೆ ಬೇರು ಬಂದಿದೆಯೆಂದು ಅರ್ಥ. ಆಗ ಒಂದೊಂದನ್ನೂ ಬೇರೆ ಬೇರೆ ಸಣ್ಣ ಕುಂಡಕ್ಕೆ ವರ್ಗಾಯಿಸಿ, ಸ್ವಲ್ಪ ಬೆಳೆದ ಮೇಲೆ ತುದಿ ಚಿವುಟಿ. ಹೀಗೆ ಮಾಡಿದರೆ ಅಕ್ಕಪಕ್ಕದ ಕವಲು ಒಡೆದು ಗಿಡ ತುಂಬಿಕೊಳ್ಳುತ್ತದೆ.

ಪ್ರಶ್ನೆ: ಪಕ್ಕದ ಮನೆಯವರ ಜೆರೇನಿಯಂ ಚಳಿಗಾಲವೆಲ್ಲ ತೋಟದಲ್ಲೇ ಇದ್ದು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಅವರ ಮಾತು ಕೇಳಿ ನನ್ನದನ್ನೂ ಹೊರಗೇ ಬಿಟ್ಟೆ, ಜನವರಿಯಲ್ಲಿ ಸತ್ತೇಹೋಯಿತು. ಒಂದೇ ಗಿಡಕ್ಕೆ ಎರಡು ಸ್ವಭಾವವೇ?
– ಓದುಗರೊಬ್ಬರು, ಇಂಗ್ಲೆಂಡಿನ ರೆಡಿಂಗ್

ಉತ್ತರ: ಗಿಡಗಳೇ ಬೇರೆ. ನೆರೆಯವರಲ್ಲಿರುವುದು ಯುರೋಪಿನ ಚಳಿಗೆ ಒಗ್ಗಿದ ನಿಜವಾದ ಜೆರೇನಿಯಂ ಕುಲದ ಗಿಡ, ನಿಮ್ಮದು ದಕ್ಷಿಣ ಆಫ್ರಿಕದ ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದರು. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿತಿಯೆ ಪೆಲಾರ್ಗೋನಿಯಂ ಕುಲವನ್ನು ಬೇರ್ಪಡಿಸಿದರಾದರೂ, ಅಷ್ಟರೊಳಗೆ ಒಂದೂವರೆ ಶತಮಾನದಿಂದ ಇಂಗ್ಲೆಂಡಿನ ತೋಟಗಳಲ್ಲಿ ನೆಲೆನಿಂತಿದ್ದ ಗಿಡದ ರೂಢಿನಾಮವನ್ನು ಯಾರೂ ಬಿಡಲಿಲ್ಲ, ಅಂಗಡಿಯವರಂತೂ ಇಂದಿಗೂ ಬಿಟ್ಟಿಲ್ಲ. ಗುರುತು ಹಿಡಿಯಲು ಕಾಂಡವನ್ನೂ ಹೂವನ್ನೂ ನೋಡಿ. ಚಳಿ ತಡೆಯುವ ಗಿಡದ ಕಾಂಡ ತೆಳು, ಅದರ ಐದು ಎಸಳುಗಳೂ ಒಂದೇ ಅಳತೆಯವು. ಪೆಲಾರ್ಗೋನಿಯಂ ಕಾಂಡ ದಪ್ಪ. ಒಂಟಿ ಸುತ್ತಿನ ಹೂವಾದರೆ ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಆಕಾರದಲ್ಲೋ ಬಣ್ಣದಲ್ಲೋ ಸಾಮಾನ್ಯವಾಗಿ ಭಿನ್ನವಾಗಿರುತ್ತವೆ.

ನೆರೆಯವರ ಬಗೆಯ ಗಿಡಕ್ಕೆ ಶರತ್ಕಾಲದಲ್ಲಿ ಹೆಚ್ಚು ಕೆಲಸವಿಲ್ಲ: ಬಾಡಿದ ಎಲೆಗಳನ್ನು ಕತ್ತರಿಸಿ, ಬುಡ ದೊಡ್ಡದಾಗಿದ್ದರೆ ಅಗೆದು ಎರಡು ಮೂರು ಭಾಗ ಮಾಡಿ ನೆಟ್ಟರೆ ಸಾಕು. ಒಂದು ಭಾಗವನ್ನು ಅವರಿಂದ ಕೇಳಿ ಪಡೆಯುವುದೇ ನಿಮ್ಮ ಸಮಸ್ಯೆಗೆ ಖರ್ಚಿಲ್ಲದ ಪರಿಹಾರವಾಗಬಹುದು.

ಪ್ರಶ್ನೆ: ಗಿಡವನ್ನು ಮಣ್ಣಿಲ್ಲದೆ ಬೇಸ್‌ಮೆಂಟಿನಲ್ಲಿ ತಲೆಕೆಳಗಾಗಿ ನೇತುಹಾಕಿದರೆ ಚಳಿಗಾಲ ಕಳೆಯುತ್ತದೆ ಎಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಟೊರಾಂಟೊ

ಉತ್ತರ: ನಿಜ, ಆದರೆ ಆ ಹಿರಿಯರ ಕಾಲದ ನೆಲಮಾಳಿಗೆಯಲ್ಲಿ. ಆಗಿನ ಬೇಸ್‌ಮೆಂಟುಗಳಿಗೆ ಹೀಟರ್ ಇರಲಿಲ್ಲ, ಎಷ್ಟೋ ಮನೆಗಳಲ್ಲಿ ನೆಲವೂ ಮಣ್ಣಿನದೇ ಆಗಿದ್ದು ಗಾಳಿಯಲ್ಲಿ ತೇವವಿರುತ್ತಿತ್ತು. ಇಂದಿನ ಬೇಸ್‌ಮೆಂಟ್ ಬೆಚ್ಚಗೂ ಒಣಗಿಯೂ ಇರುವುದರಿಂದ, ಅಲ್ಲಿ ನೇತುಹಾಕಿದ ಗಿಡ ಜನವರಿಯೊಳಗೆ ಕಡ್ಡಿಯಾಗುತ್ತದೆ. ನಿಮ್ಮಲ್ಲಿ 7ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ, ಬೆಳಕಿಲ್ಲದ ಮೂಲೆಯಿದ್ದರೆ ಪ್ರಯತ್ನಿಸಬಹುದು. ಫ್ರಾಸ್ಟಿಗೆ ಮುನ್ನ ಗಿಡವನ್ನು ಕಿತ್ತು, ಬೇರಿನ ಮಣ್ಣನ್ನು ಕೊಡವಿ, ಒಂದೆರಡು ದಿನ ಆರಲು ಬಿಟ್ಟು ನೇತುಹಾಕಿ, ಇಲ್ಲವೇ ಬಾಯಿ ಸ್ವಲ್ಪ ತೆರೆದ ಕಾಗದದ ಚೀಲದಲ್ಲಿಡಿ. ತಿಂಗಳಿಗೊಮ್ಮೆ ಬೇರನ್ನು ಮಾತ್ರ ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ಮೇಲಿನ ಪಸೆ ಆರಿಸಿ ಮತ್ತೆ ಅಲ್ಲೇ ಇಡಬೇಕು. ಎಲೆ ಪೂರ್ತಿ ಉದುರುವುದು ಸರಿಯೇ. ಕಾಂಡ ಗಟ್ಟಿಯಾಗಿದ್ದು, ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ. ಮಾರ್ಚ್‌ನಲ್ಲಿ ಒಣಗಿದ ತುದಿಗಳನ್ನು ಕತ್ತರಿಸಿ ಕುಂಡಕ್ಕೆ ಹಾಕಿ.

ಎಲೆಯ ಮೇಲೆ ಕಂದು ಪಟ್ಟೆಯಿರುವ, ದಪ್ಪ ಕಾಂಡದ ಝೋನಲ್ ಬಗೆಗೆ ಮಾತ್ರ ಈ ವಿಧಾನ ಸರಿಹೊಂದುತ್ತದೆ. ತೆಳು ಕಾಂಡದ, ಇಳಿಬೀಳುವ ಐವಿ ಬಗೆಯೂ ದೊಡ್ಡ ಹೂವಿನ ರೀಗಲ್ ಬಗೆಯೂ ಇದನ್ನು ತಾಳುವುದು ಅಪರೂಪ. ಗಿಡಗಳು ಬಹಳವಿದ್ದು ಕಿಟಕಿಯಲ್ಲಿ ಜಾಗವೇ ಇಲ್ಲದವರಿಗೆ ಮಾತ್ರ ನಾವು ಇದನ್ನು ಸೂಚಿಸುತ್ತೇವೆ.

ಪ್ರಶ್ನೆ: ಬಾಲ್ಕನಿಯಲ್ಲಿ ಇಳಿಬಿಟ್ಟ ಜೆರೇನಿಯಂ ಮತ್ತು ಒಂದು ರೀಗಲ್ ಜೆರೇನಿಯಂ ಇವೆ. ಎಲ್ಲವನ್ನೂ ಚಳಿಗಾಲದಲ್ಲಿ ಬೆಚ್ಚನೆಯ ಹಾಲ್‌ನಲ್ಲಿ ಇಟ್ಟಿದ್ದೆ. ಉಳಿದವು ಹೂಬಿಟ್ಟರೂ ರೀಗಲ್ ಹೂಬಿಡಲಿಲ್ಲ. ಹೊರಗಿಡುವುದಕ್ಕೆ ಸರಿಯಾದ ದಿನ ಯಾವುದು ಎಂಬುದನ್ನೂ ತಿಳಿಸಿ.
– ಓದುಗರೊಬ್ಬರು, ಮ್ಯೂನಿಕ್

ಉತ್ತರ: ರೀಗಲ್ ಬಗೆಗೆ ಮೊಗ್ಗು ಕಟ್ಟಲು ಕೆಲವು ವಾರಗಳ ತಂಪು ಬೇಕೇ ಬೇಕು, ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಎಲೆ ಸೊಂಪಾಗಿ ಬರುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ. ಈ ಸಲ ಅದನ್ನು ಕಿಟಕಿಯಿರುವ ಮೆಟ್ಟಿಲ ಹಾದಿಯಲ್ಲೋ ಹೀಟರ್ ಹಾಕದ ಕೋಣೆಯಲ್ಲೋ ಇಡಿ. ಇಳಿಬೀಳುವ ಗಿಡಗಳನ್ನು 15–20 ಸೆಂಟಿಮೀಟರಿಗೆ ಸವರಿ ಅದರ ಜೊತೆಗೇ ಇಡಬಹುದು. ಹೊರಗಿಡುವ ದಿನದ ಬಗ್ಗೆ ನಿಮ್ಮ ಬವೇರಿಯದ ಜನ ಹೇಳುವ ಲೆಕ್ಕವೇ ಸರಿ: ಮೇ 11ರಿಂದ 15ರವರೆಗಿನ, ಅವರು ಹಿಮದ ಸಂತರ ದಿನಗಳೆಂದು ಕರೆಯುವ ಅವಧಿ ಕಳೆಯುವವರೆಗೆ ಬಾಲ್ಕನಿಗೆ ತರಬೇಡಿ. ಆ ವಾರದಲ್ಲಿ ಪ್ರತಿವರ್ಷವೂ ಚಳಿ ಮರಳಿ ಬರುತ್ತದೆಂದೇನಲ್ಲ, ಬಂದ ವರ್ಷ ಮಾತ್ರ ಚಳಿಗಾಲವೆಲ್ಲ ಪಟ್ಟ ಶ್ರಮ ಒಂದು ರಾತ್ರಿಯಲ್ಲಿ ಹೋಗುತ್ತದೆ.

ಪ್ರಶ್ನೆ: ಅಕ್ಟೋಬರ್ ತಿಂಗಳಲ್ಲಿ ನಮ್ಮ ಜೆರೇನಿಯಂ ಕೊಳೆಯುತ್ತದೆ, ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಉಂಗುರದಂತೆ ಕಾಣುತ್ತವೆ. ಇಲ್ಲಿ ಚಳಿಯೇ ಇಲ್ಲವಲ್ಲ, ಒಳಗೆ ತರಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ವಿದೇಶದ ತೋಟಗಾರಿಕೆಯ ಸಲಹೆಗಳನ್ನು ಓದಿ ಇಲ್ಲಿ ಗಿಡವನ್ನು ಕೋಣೆಯೊಳಗೆ ತರುವವರಿದ್ದಾರೆ, ಅದರ ಅಗತ್ಯ ಖಂಡಿತ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಗಲು ಒಳ್ಳೆಯ ಬಿಸಿಲಿರುತ್ತದೆ. ಯುರೋಪಿನವರು ಬೇಸಿಗೆಯಲ್ಲಿ ಪಡೆಯುವ ಹವೆ ನಮಗೆ ಚಳಿಗಾಲದಲ್ಲಿ ದೊರೆಯುತ್ತದೆ. ನಮ್ಮ ತೊಂದರೆ ಮಳೆಯದು. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸೇರಿವೆ, ಸಂಜೆಯ ಜೋರು ಮಳೆಯ ಮೇಲೆ ಮರುದಿನದ ಮೋಡ ಸೇರಿದರೆ ಕುಂಡ ಒಣಗುವುದೇ ಇಲ್ಲ. ಆದ್ದರಿಂದ ಮಳೆ ನೇರವಾಗಿ ಬೀಳದ ಸಜ್ಜಾದ ಕೆಳಗೆ, ಬೆಳಗಿನ ಬಿಸಿಲು ಬರುವಂತೆ ಕುಂಡವನ್ನು ಸರಿಸಿ, ಕೆಳಗಿನ ತಟ್ಟೆಯನ್ನು ತೆಗೆದು ಎರಡು ಇಟ್ಟಿಗೆಯ ಮೇಲಿಡಿ. ಕೆಂಪುಮಣ್ಣನ್ನೇ ತುಂಬಿದ್ದರೆ ಅದು ಮಳೆಗೆ ಗಟ್ಟಿಯಾಗಿ ಕೂರುತ್ತದೆ; ಮುಂದಿನ ಸಲ ಮೂರರಲ್ಲಿ ಒಂದು ಪಾಲು ಒರಟು ಮರಳನ್ನೋ ಪರ್ಲೈಟನ್ನೋ ಬೆರೆಸಿ. ಕೋಕೋಪೀಟ್ ಹೆಚ್ಚು ಹಾಕಬೇಡಿ, ಮಳೆಗಾಲದಲ್ಲಿ ಅದು ನೀರನ್ನು ಬಿಟ್ಟುಕೊಡುವುದಿಲ್ಲ.

ಉಂಗುರದಂತೆ ಕಾಣುವುದು ಜೆರೇನಿಯಂ ತುಕ್ಕು ರೋಗ. ಎಲೆಯ ಮೇಲ್ಭಾಗದಲ್ಲಿ ಹಳದಿ ಚುಕ್ಕೆ, ಅದೇ ಜಾಗದ ಹಿಂಬದಿಯಲ್ಲಿ ಕಂದುಪುಡಿ ತುಂಬಿದ ಗುಳ್ಳೆಗಳ ಸುತ್ತು ಕಂಡರೆ ಅನುಮಾನವೇ ಬೇಡ. ಈ ಶಿಲೀಂಧ್ರವೂ ಗಿಡದ ತವರಾದ ದಕ್ಷಿಣ ಆಫ್ರಿಕದಿಂದಲೇ ಹೊರಟು 1960ರ ದಶಕದಲ್ಲಿ ಯುರೋಪು, ಅಮೆರಿಕಗಳಿಗೆ ಹಬ್ಬಿತು. ಎಲೆ ಒದ್ದೆಯಾಗಿದ್ದರೆ ಮಾತ್ರ ಅದರ ಕಣಗಳು ಮೊಳೆಯುತ್ತವೆ. ಹಾಗಾಗಿ ರೋಗ ತಗಲಿದ ಎಲೆಗಳನ್ನು ಮಳೆಯಿಲ್ಲದ ಹೊತ್ತಿನಲ್ಲಿ ಕಿತ್ತು ಚೀಲಕ್ಕೆ ಹಾಕಿ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ, ನೀರನ್ನು ಎಲೆಯ ಮೇಲೆ ಬೀಳದಂತೆ ಬುಡಕ್ಕೆ ಕೊಡಿ, ಕುಂಡಗಳ ನಡುವೆ ಗಾಳಿಯಾಡಲು ಅಂತರ ಬಿಡಿ.

ಮಳೆ ಹಿಂದೆ ಸರಿದ ಮೇಲೆ, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ, ಗಿಡವನ್ನು ಅರ್ಧಕ್ಕೆ ಸವರಿ, ಒಂದು ಹಿಡಿ ಎರೆಗೊಬ್ಬರ ಕೊಟ್ಟು ಪೂರ್ಣ ಬಿಸಿಲಿಗೆ ತನ್ನಿ. ಸವರಿದ ತುಂಡುಗಳನ್ನೂ ಆಗಲೇ ನೆಡಬಹುದು. ಹೊಸ ವರ್ಷದ ಆಸುಪಾಸಿನಿಂದ ಮಾರ್ಚ್‌ವರೆಗೆ ಹೂ ಸಿಗುತ್ತದೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ನೆರಳು ಬೇಕು. ಊಟಿಯಲ್ಲಿ ಮನೆಯಿರುವ ಓದುಗರಿಗೆ ಮಾತ್ರ ಒಂದು ಎಚ್ಚರಿಕೆ: ಅಲ್ಲಿ ಡಿಸೆಂಬರ್, ಜನವರಿಯ ತಿಳಿಯಾದ ರಾತ್ರಿಗಳಲ್ಲಿ ತಗ್ಗು ಜಾಗಗಳಿಗೆ ಫ್ರಾಸ್ಟ್ ಬೀಳುವುದುಂಟು, ಆ ರಾತ್ರಿಗಳಲ್ಲಿ ಕುಂಡವನ್ನು ಜಗಲಿಗೆ ಸರಿಸಬೇಕು.

ಪ್ರಶ್ನೆ: ಚಳಿಗಾಲಕ್ಕೆ ಜೆರೇನಿಯಂ ಒಳಗೆ ತಂದಾಗಿನಿಂದ ಬೆಕ್ಕು ಅದರ ಎಲೆಯನ್ನು ಕಚ್ಚುತ್ತಿದೆ. ಅಪಾಯವೇ?
– ಓದುಗರೊಬ್ಬರು, ಸಿಯಾಟಲ್

ಉತ್ತರ: ಈ ಗಿಡದ ಎಲೆಯಲ್ಲಿರುವ ಜೆರಾನಿಯೋಲ್, ಲಿನಲೂಲ್ ಎಂಬ ತೈಲಾಂಶಗಳು ಬೆಕ್ಕು, ನಾಯಿಗಳಿಗೆ ಹಿಡಿಸುವುದಿಲ್ಲ. ವಾಂತಿ, ಹಸಿವು ಇಲ್ಲದಿರುವುದು, ಮಂಕಾಗಿ ಮಲಗುವುದು, ಚರ್ಮದ ಉರಿ ಇದರ ಲಕ್ಷಣಗಳು. ಈ ಲಕ್ಷಣಗಳು ಕಂಡರೆ ಪಶುವೈದ್ಯರಿಗೆ ತೋರಿಸಿ, ತಿಂದ ಗಿಡದ ಒಂದು ಎಲೆಯನ್ನೂ ಜೊತೆಗೆ ಕೊಂಡೊಯ್ಯಿರಿ. ಎತ್ತರದ ಕಪಾಟಿನ ಮೇಲಿಟ್ಟರೆ ಬೆಕ್ಕು ಅಲ್ಲಿಗೂ ಏರುತ್ತದೆ. ಬಾಗಿಲು ಹಾಕಿಡಬಹುದಾದ ತಂಪು ಕೋಣೆಯೊಂದಿದ್ದರೆ ಗಿಡವನ್ನು ಅಲ್ಲಿಡುವುದು ಇಬ್ಬರಿಗೂ ಒಳ್ಳೆಯದು.